ಕೆಂಪಣ್ಣನ ಸೊಂಟದ ದಾರ

ಜನರ ಸೊಂಟ ಅಳೆಯುವುದೂ ಒಂದು ಉದ್ಯೋಗವೇ ಎಂದು ಯಾರಾದರೂ ನಕ್ಕರೆ ನಗಲಿ. ಹತ್ತೊಂಬತ್ತು ವರ್ಷ ನಾನು ಅದನ್ನೇ ಮಾಡಿದೆ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಕಡೆ ನನ್ನ ಮುಂದೆ ಎರಡೂ ಕೈ ಮೇಲೆತ್ತಿ ನಿಂತ ಗಂಡಸರಷ್ಟು ಜನ ಯಾವ ಪೊಲೀಸಿನವನ ಮುಂದೆಯೂ ನಿಂತಿರಲಾರರು.

ಈಗ ಈ ಕೆಲಸಕ್ಕೆ ಹೊಸ ಹುಡುಗಿಯರು ಬರುತ್ತಿದ್ದಾರೆ. ಟ್ರೈನಿಂಗ್‌ನಲ್ಲಿ ಹೇಳಿಕೊಡದ ನಾಲ್ಕು ಮಾತು ಅವರಿಗಾಗಿ ಬರೆದಿಡು ಶಿವಮ್ಮ ಎಂದು ನಮ್ಮ ಡಾಕ್ಟರಮ್ಮ ಹೇಳಿದರು. ಬರೆಯುತ್ತಿದ್ದೇನೆ. ಓದಿದ್ದು ಮೂರನೇ ಕ್ಲಾಸು. ತಪ್ಪು ಕಂಡರೆ ನೀವೇ ತಿದ್ದಿಕೊಳ್ಳಿ, ನನಗೆ ಹೇಳಲು ಬರಬೇಡಿ.

ನಮ್ಮದು ಮನಸ್ಸಿನ ಕಾಯಿಲೆಯ ವ್ಯಾನು. ಸೋಮವಾರ ಕೊಳ್ಳೇಗಾಲ, ಬುಧವಾರ ಹನೂರು, ಶುಕ್ರವಾರ ಯಳಂದೂರು. ಅದರಲ್ಲಿ ಡಾಕ್ಟರಮ್ಮ, ಒಬ್ಬ ಸಿಸ್ಟರು, ಡ್ರೈವರು, ಮಾತ್ರೆಯ ಪೆಟ್ಟಿಗೆ, ತೂಕದ ಮಿಷನ್ನು. ಮಿಷನ್ನಿನ ಪಕ್ಕ ಆಯಾ, ಅಂದರೆ ನಾನು. ಕೆಲವರ ಮನಸ್ಸು ಇದ್ದಕ್ಕಿದ್ದಂತೆ ಆಕಾಶಕ್ಕೆ ಏರುತ್ತದೆ, ಆಮೇಲೆ ಬಾವಿಗೆ ಬೀಳುತ್ತದೆ. ಅಂಥವರಿಗೆ ಒಂದು ಮಾತ್ರೆ ಕೊಡುತ್ತಾರೆ. ಮನಸ್ಸು ನೆಲದ ಮೇಲೆ ನಿಲ್ಲುತ್ತದೆ, ಆದರೆ ಹೊಟ್ಟೆ ಮುಂದಕ್ಕೆ ಹೊರಡುತ್ತದೆ. ಹೊಟ್ಟೆ ಬೆಳೆದರೆ ಸಕ್ಕರೆ ಕಾಯಿಲೆ, ಬಿ.ಪಿ. ಎಲ್ಲ ಅದರ ಹಿಂದೆಯೇ ಬರುತ್ತವಂತೆ. ಅದಕ್ಕೇ ತಿಂಗಳಿಗೊಮ್ಮೆ ಅಳತೆ.

ತೂಕದ ಮಿಷನ್ನನ್ನು ನಂಬಬೇಡಿ. ಹನೂರಿನಲ್ಲಿ ಸಂತೆಯ ದಿನ ಒಬ್ಬಳು ಒಂದೇ ತಿಂಗಳಿಗೆ ಐದು ಕೆಜಿ ಏರಿದ್ದಳು. ಡಾಕ್ಟರಮ್ಮ ಗಾಬರಿಯಾಗಿ ರಕ್ತ ಪರೀಕ್ಷೆಗೆ ಬರೆದರು. ಸೂಜಿ ಕಂಡ ಕೂಡಲೇ ಅವಳು ಬಗ್ಗಿ ಮಡಿಲು ಬಿಚ್ಚಿದಳು. ಅವರೆಕಾಯಿ ದಬದಬ ಬಿತ್ತು.

"ಕೆಳಗಿಟ್ರೆ ಕದೀತಾರೆ ಅಂತ ಇಟ್ಕಂಡಿದ್ದೆ ಕಣವ್ವ" ಎಂದಳು.

"ನಿನ್ನ ತೂಕ ಕೇಳುದ್ರೆ ಸಂತೆ ತೂಕ ಕೊಟ್ಟಲ್ಲವ್ವ!" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಾವಿಗೆ ಬಿದ್ದಿದ್ದ ಒಬ್ಬನೂ ನಕ್ಕ, ಮೂರು ತಿಂಗಳಿಗೆ ಮೊದಲ ಸಲ.

ಗಂಡಸರದು ಇನ್ನೊಂದು ಮೋಸ. ಟೇಪು ಸುತ್ತಿದ ಕೂಡಲೇ ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಎಪ್ಪತ್ತು ವರ್ಷದ ಮುದುಕನೂ ಎಳೆದುಕೊಳ್ಳುತ್ತಾನೆ, ಯಾರಿಗೆ ತೋರಿಸಲು ಎಂದು ಅವನಿಗೇ ಗೊತ್ತಿಲ್ಲ. ಇದಕ್ಕೆ ನಾನೊಂದು ಉಪಾಯ ಮಾಡಿದೆ. ನಮ್ಮ ಕಡೆ ದೇವರ ಬೆಟ್ಟಕ್ಕೆ ನಡೆಯುವವರು ಕೂಗುವ ಕೂಗು ಎಲ್ಲರಿಗೂ ಗೊತ್ತಲ್ಲ. "ಉಘೇ ಅನ್ನು, ಉಸ್ರು ಖಾಲಿ ಆಗೋವರ್ಗೂ ಅನ್ನು" ಎನ್ನುತ್ತಿದ್ದೆ. "ಉಘೇ..." ಎಂದು ಎಳೆದರೆ ಉಸಿರು ಹೊರಗೆ ಹೋಗಿ ನಿಜವಾದ ಹೊಟ್ಟೆ ಕೈಗೆ ಸಿಗುತ್ತದೆ. ಬೇರೆ ದೇವರವರು ತಮ್ಮ ದೇವರನ್ನು ಕೂಗಿಕೊಳ್ಳಲಿ, ನನಗೆ ಬೇಕಾದ್ದು ಉಸಿರು. ಡಾಕ್ಟರಮ್ಮ ಕೆಲಸಕ್ಕೆ ಬಂದ ಮೊದಲ ದಿನ ಒಳಗಿನಿಂದ ಎದ್ದು ಬಂದು, "ಸಿಸ್ಟರ್, ಹೊರಗೆ ಯಾವುದೋ ಮೆರವಣಿಗೆ ಹೋಗ್ತಿದೆ, ಮುಗಿಯಲಿ, ಆಮೇಲೆ ಪೇಷಂಟ್ ಕಳಿಸಿ" ಎಂದಿದ್ದರು.

ಇನ್ನು ದಾರದ ವಿಷಯ. ನನಗೆ ಅಂಕಿ ನೂರರವರೆಗೆ ಸಲೀಸು, ನೂರು ದಾಟಿದರೆ ಕಾಲು ಜಾರುತ್ತದೆ. ನಮ್ಮ ಪೇಷಂಟುಗಳ ಸೊಂಟವೋ ನೂರರ ಮೇಲೆಯೇ ಆಟ ಆಡುತ್ತದೆ. ಹಾಗಾಗಿ ಟೇಪು ಸಿಸ್ಟರಿಗೆ ಬಿಟ್ಟು ನಾನು ದಾರ ಹಿಡಿದೆ. ಈ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಕೊಳ್ಳೇಗಾಲದ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಿದ ಕೈ ಇದು. ಮೂರೆಳೆ ಹುರಿ ಮಾಡಿದ ದಾರ ಒಬ್ಬೊಬ್ಬರಿಗೆ ಒಂದೊಂದು, ತುದಿಗೆ ಸಿಸ್ಟರು ಹೆಸರು ಬರೆದ ಚೀಟಿ. ತಿಂಗಳು ತಿಂಗಳು ಸೊಂಟ ಎಲ್ಲಿಗೆ ಬಂತೋ ಅಲ್ಲೊಂದು ಗಂಟು. ಗಂಟು ಹೊರಕ್ಕೆ ಹೋದರೆ ಹೊಟ್ಟೆ ಬೆಳೆದಿದೆ, ಒಳಕ್ಕೆ ಬಂದರೆ ಇಳಿದಿದೆ. ಕುರುಡರಿಗೂ ಓದಲು ಬರುತ್ತದೆ.

ಡಾಕ್ಟರಮ್ಮ ಮೊದಮೊದಲು ನಗುತ್ತಿದ್ದರು. ಆಮೇಲೊಂದು ಬೇಸಗೆಯಲ್ಲಿ ಮೂರೂ ತಾಲ್ಲೂಕಿನ ಜನ ಒಟ್ಟಿಗೆ ಸಣ್ಣಗಾದರು. ಸಿಸ್ಟರಿಗೆ ಖುಷಿಯೋ ಖುಷಿ. ನನ್ನ ದಾರದಲ್ಲಿ ಮಾತ್ರ ಯಾರೂ ಒಂದು ಬೆರಳೂ ಇಳಿದಿರಲಿಲ್ಲ. ನೋಡಿದರೆ ವ್ಯಾನಿನ ಗಾಜಿನ ಹಿಂದೆ ಬಿಸಿಲಿಗೆ ಬಿದ್ದು ಪ್ಲಾಸ್ಟಿಕ್ ಟೇಪು ಎಳೆದುಕೊಂಡು ಉದ್ದವಾಗಿತ್ತು. ಅವತ್ತಿನಿಂದ ಡಾಕ್ಟರಮ್ಮ ಟೇಪು ನೋಡಿದ ಮೇಲೆ "ಶಿವಮ್ಮ, ದಾರ ಏನು ಹೇಳುತ್ತೆ?" ಎಂದು ಕೇಳತೊಡಗಿದರು. ನನಗೆ ಕೊಂಬು ಬಂತು. ಆ ಕೊಂಬೇ ಮುಂದೆ ನನ್ನನ್ನು ಕೆಡವಿತು.

ಈಗ ಕೆಂಪಣ್ಣನ ಕತೆ. ಹನೂರಿನವನು, ಮದುವೆ ಮನೆಗಳ ಅಡುಗೆಯವನು. ಅವನ ಕೈ ಸಾರು ಒಮ್ಮೆ ಉಂಡವರು ಬೇರೆ ಸಾರಿಗೆ ಮುಖ ಸಿಂಡರಿಸುತ್ತಾರೆ. ಕಾಯಿಲೆ ಏರಿದಾಗ ಮಾತ್ರ ಅವನಿಗೆ ಎಲೆ ಎಣಿಸಲು ಬರುವುದಿಲ್ಲ. ಐವತ್ತು ಜನರ ನಾಮಕರಣಕ್ಕೆ ಕರೆದರೆ ಐನೂರು ಜನಕ್ಕೆ ಬೇಯಿಸಿ, ಬೆಟ್ಟದ ಬಸ್ಸು ಅಡ್ಡಗಟ್ಟಿ, ಪ್ರಯಾಣಿಕರನ್ನೆಲ್ಲ ಇಳಿಸಿ ಪಂಕ್ತಿಗೆ ಕೂರಿಸಿದ್ದ. ಕಂಡಕ್ಟರು ಮೂರು ಸಲ ಪಾಯಸ ಹಾಕಿಸಿಕೊಂಡನಂತೆ. ಆದರೆ ಕರೆದ ಮನೆಯವರು ನಗಲಿಲ್ಲ. ಕೆಂಪಣ್ಣ ನಾಲ್ಕು ದಿನ ಮಲಗದೆ, ಕೊನೆಗೆ ಕುದಿಯುವ ಎಣ್ಣೆಯ ಮುಂದೆ ಕುಣಿದು ಕಾಲು ಸುಟ್ಟುಕೊಂಡ. ಆಮೇಲೆ ಒಂದು ವರ್ಷ ಯಾರೂ ಅವನ ಕೈಗೆ ಸೌಟು ಕೊಡಲಿಲ್ಲ.

ನಮ್ಮ ಮಾತ್ರೆ ಶುರುವಾದ ಮೇಲೆ ನೆಟ್ಟಗಾದ. ಕೆಲಸ ಮತ್ತೆ ಬಂತು. ಹೊಟ್ಟೆಯೂ ಬಂತು. ಇನ್ನೊಂದು ಸಲ ಕಾಯಿಲೆ ಏರಿದರೆ ಸೌಟು ಪೂರ್ತಿ ಹೋಯಿತು ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಡಾಕ್ಟ್ರಮ್ಮ, ನಾನು ರುಚಿ ನೋಡೋದು ಬಿಟ್ರೆ ಏನೂ ತಿನ್ನಕಿಲ್ಲ" ಎನ್ನುತ್ತಿದ್ದ.

"ಎಷ್ಟು ಕೊಳಗದ ರುಚಿ ನೋಡ್ತೀಯ?" ಎಂದು ನಾನು ಕೇಳುತ್ತಿದ್ದೆ.

ಅವನ ದಾರದಲ್ಲಿ ಗಂಟು ತಿಂಗಳಿಗೊಂದು ಬೆರಳು ಹೊರಕ್ಕೆ ಹೋಗುವುದು ಕಂಡು ಒಂದು ದಿನ ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟೆ. "ಮಾತ್ರೆ ನೋಡುದ್ರೆ ಅಕ್ಕಿ ಕಾಳಿನಷ್ಟದೆ. ಇವ್ನ ಒಟ್ಟೆ ಕೊಪ್ಪರಿಗೆಯಷ್ಟದೆ. ಎಂಗೆ ತಾಯಿ?"

ಅವರು ಮೈಸೂರಿನವರು, ಸಮಾಧಾನದ ಹೆಂಗಸು. ಟೀ ಕುಡಿಯುತ್ತಾ ಹೇಳಿದರು. "ಒಂದು, ಹಸಿವು ಜಾಸ್ತಿ ಮಾಡುತ್ತೆ. ಇನ್ನೊಂದು ಕೆಲಸ ಒಳಗೆ ನಡೆಯುತ್ತೆ. ಕೊಬ್ಬು ಅಂದರೆ ಬೆಣ್ಣೆ ಮುದ್ದೆ ಅಲ್ಲ ಶಿವಮ್ಮ, ಜೀವ ಇರುವ ಪುಟ್ಟ ಪುಟ್ಟ ಚೀಲಗಳು. ಅದಕ್ಕೆ ಕಣ ಅಂತೀವಿ. ಏನಾಗಬೇಕು ಅಂತ ಇನ್ನೂ ನಿರ್ಧಾರ ಆಗದ ಎಳೇ ಕಣಗಳೂ ಇರುತ್ತವೆ. ಈ ಮಾತ್ರೆ ಅವನ್ನ ಕೊಬ್ಬಿನ ಕಡೆಗೆ ತಳ್ಳೋ ಹಾಗೆ ಕಾಣುತ್ತೆ. ಆಮೇಲೆ ಕಣದೊಳಗೆ ಜೀನ್ ಅಂತ ಇದೆ. ಅದರಿಂದ ಉದ್ದವಾದ ಒಂದು ಅಪ್ಪಣೆ ನಕಲಾಗಿ ಬರುತ್ತೆ. ಅದರಲ್ಲಿ ಬೇಡದ ತುಂಡು ಕತ್ತರಿಸಿ, ಬೇಕಾದ ತುಂಡುಗಳನ್ನ ಒಂದಕ್ಕೊಂದು ಜೋಡಿಸಿದ ಮೇಲೇ ಆ ಅಪ್ಪಣೆ ನಡೆಯೋದು. ಅದಕ್ಕೆ ಸ್ಪ್ಲೈಸಿಂಗ್ ಅಂತಾರೆ."

"ಇದು ನೂಲು ಬಿಚ್ಚೋ ಕೆಲ್ಸ ಅಲ್ವಾ ತಾಯಿ!" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಈಗ ನಾನು ಪಾಠ ಮಾಡಿದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಬರುತ್ತಾ ಇರುತ್ತದೆ. ಮಧ್ಯೆ ಒರಟು, ಸಿಕ್ಕು, ಉಂಡೆ ಬಂದರೆ ಆ ತುಂಡು ಕತ್ತರಿಸಿ ಬಿಸಾಕಿ, ಎರಡು ತುದಿ ಸೇರಿಸಿ ಗಂಟು ಹಾಕಬೇಕು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಬೇಕು. ಒಂದೇ ರಾಶಿ ಗೂಡು, ಆದರೂ ಕೈ ಎಲ್ಲಿ ಕತ್ತರಿಸಿತು, ಯಾವ ತುದಿಗೆ ಯಾವ ತುದಿ ಸೇರಿಸಿತು ಎನ್ನುವುದರ ಮೇಲೆ ಒಂದು ನೂಲು ಸೀರೆಗೆ ಹೋಗುತ್ತದೆ, ಇನ್ನೊಂದು ಕುಚ್ಚಿಗೆ.

ಡಾಕ್ಟರಮ್ಮ ಟೀ ಲೋಟ ಕೆಳಗಿಟ್ಟರು. "ಅದೇ! ಒಂದೇ ಜೀನಿನಿಂದ ಎರಡು ಥರದ ಅಪ್ಪಣೆ ಬರಬಹುದು. ಒಂದು ಥರ ಜೋಡಿಸಿದರೆ ಕಣಕ್ಕೆ 'ನಿನ್ನ ಕೆಲಸ ಮುಗಿಯಿತು, ಸಾಯಿ' ಅನ್ನುತ್ತೆ. ಇನ್ನೊಂದು ಥರ ಜೋಡಿಸಿದರೆ 'ಇರು, ಇನ್ನೂ ಇರು' ಅನ್ನುತ್ತೆ. ಈ ಮಾತ್ರೆ ಬಂದಾಗ ಕೊಬ್ಬಿನ ಕಣದಲ್ಲಿ 'ಇರು' ಅನ್ನೋದು ಹೆಚ್ಚಾಗಬಹುದು ಅಂತಾರೆ. ಆದರೆ ಇದೆಲ್ಲ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕಣದಲ್ಲಿ ಕಂಡದ್ದು. ಮನುಷ್ಯನ ಮೈಯಲ್ಲಿ ಎಷ್ಟು ಹೀಗೇ ನಡೆಯುತ್ತೋ ಪೂರ್ತಿ ಗೊತ್ತಿಲ್ಲ."

"ಅಂದ್ರೆ ಮಾತ್ರೆ ಬಂದು ನೂಲು ಬಿಚ್ಚೋವ್ಳ ಮೊಣಕೈ ತಟ್ತದೆ. ಅವ್ಳು ಅಲ್ಲಿ ಕತ್ತರ್ಸೋ ಬದ್ಲು ಇಲ್ಲಿ ಕತ್ತರಿಸ್ತಾಳೆ. ಓಗ್ಬೇಕಾದ ಕೊಬ್ಬು ಓಗ್ದೆ ಕುಂತ್ಕಂಡು ಉಣ್ತದೆ."

ಡಾಕ್ಟರಮ್ಮ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಮಾತನ್ನು ಓದಿದವರೊಬ್ಬರು ಬರೆದುಕೊಂಡಿದ್ದು ಅದೇ ಮೊದಲು. ಆವತ್ತಿನಿಂದ ಸಾಲಿನಲ್ಲಿ ನಿಂತವರಿಗೆಲ್ಲ ನಾನೇ ಹೇಳುತ್ತಿದ್ದೆ. ಶೆಡ್ಡಿನಲ್ಲಿ ದುಡಿದ ಹೆಂಗಸರಿಗೆ ಒಂದೇ ಮಾತಿಗೆ ಅರ್ಥವಾಗುತ್ತಿತ್ತು. ಮಾತ್ರೆ ಬಿಡಬೇಡಿ, ನಡೆಯಿರಿ, ಮುದ್ದೆ ಒಂದು ಕಡಿಮೆ ಮಾಡಿ, ಅಳತೆಗೆ ಬನ್ನಿ. ಅಷ್ಟೇ ಪಾಠ.

ಆದರೆ ಊರಿನವರಿಗೆ ಪಾಠದಲ್ಲಿ ಬೇಕಾದ ತುಂಡು ಬೇರೆಯಾಗಿತ್ತು. ನಮ್ಮ ಕಡೆ ಹೆಣ್ಣು ಮೈಕೈ ತುಂಬಿಕೊಂಡಿದ್ದರೆ ಲಕ್ಷಣ. ಸಣಕಲಿಗೆ ಗಂಡು ಸಿಗುವುದು ಕಷ್ಟ. ನಮ್ಮ ಮಾತ್ರೆಗೆ ಒಳಗೊಳಗೇ 'ಮೈ ತುಂಬೋ ಮಾತ್ರೆ' ಎಂದು ಹೆಸರಾಯಿತು. ಯಳಂದೂರಿನಲ್ಲಿ ಒಬ್ಬಳು ತಾಯಿ ಮಗಳನ್ನು ಎಳೆದುಕೊಂಡು ಬಂದು, "ಇವ್ಳಿಗೂ ಒಸಿ ಉಚ್ಚು ಇಡ್ಸಿ, ಮಾತ್ರೆ ಕೊಡ್ಲಿ" ಎಂದಳು. ಬೈದು ಕಳಿಸಿ ನಕ್ಕುಬಿಟ್ಟೆ. ಡಾಕ್ಟರಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇದು ನನ್ನ ಮೊದಲನೇ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಒಂದು ಬುಧವಾರ ಹನೂರಿನಲ್ಲಿ ಕೆಂಪಣ್ಣ ಬಂದ. ಕೈ ಎತ್ತಿದ, ಉಘೇ ಎಂದ. ದಾರ ಸುತ್ತಿದರೆ ಗಂಟು ಮೂರು ಬೆರಳು ಒಳಕ್ಕೆ! ಆ ದಾರದಲ್ಲಿ ಗಂಟು ಒಳಕ್ಕೆ ಬಂದದ್ದೇ ಇರಲಿಲ್ಲ. ನನಗೆ ಹಿಗ್ಗು ತಡೆಯಲಾಗಲಿಲ್ಲ.

"ಭೇಷ್ ಕಣ್ಲಾ ಕೆಂಪ! ನೋಡ್ರಪ್ಪ ಎಲ್ರೂವೆ, ಮನ್ಸ ಅಂದ್ರೆ ಇಂಗಿರ್ಬೇಕು!" ಎಂದು ಸಾಲಿಗೆಲ್ಲ ದಾರ ಎತ್ತಿ ತೋರಿಸಿದೆ. ಅವನೂ ಹಿಗ್ಗಿ, ಅಲ್ಲಿದ್ದವರ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗಿ, ಮಾತಿನ ಮೇಲೆ ಮಾತು ಹಾಕಿ, ಎಲ್ಲರಿಗೂ ಕೈ ಮುಗಿದು, "ಮುಂದಿನ ವಾರ ಸುಕ್ರವಾರ ಯಳಂದೂರ್ ತಾವ ಒನ್ನೂರ್ನಲ್ಲಿ ನನ್ನ ಅಕ್ಕನ ಮಗ್ಳು ರತ್ನನ್ನ ನೋಡಕ್ಕೆ ಗಂಡಿನ ಕಡೆಯವ್ರು ಬತ್ತಾವ್ರೆ. ನೀವೆಲ್ಲ ಊಟಕ್ಕೆ ಬರ್ಲೇಬೇಕು, ವ್ಯಾನ್ ಸಮೇತ!" ಎಂದ. ಆ ಮಾತಿನ ವೇಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಣ್ಣೆಲ್ಲ ದಾರದ ಮೇಲಿತ್ತು. ಅವತ್ತು ಡಾಕ್ಟರಮ್ಮ ರಜೆ. ಸಿಸ್ಟರು ಮಾತ್ರೆ ಕಟ್ಟಿ ಕೊಟ್ಟು ಕಳಿಸಿದಳು.

ಆ ಶುಕ್ರವಾರ ಯಳಂದೂರಿನ ಕೆಲಸ ಮಧ್ಯಾಹ್ನಕ್ಕೆ ಮುಗಿಸಿ, ಹತ್ತಿರವೇ ಅಲ್ಲವೇ ಎಂದು ಹೊನ್ನೂರಿಗೆ ಹೋದೆವು. ಊರ ಬಾಗಿಲಿಗೇ ಒಗ್ಗರಣೆಯ ವಾಸನೆ ಬಂತು. ಮನೆಯ ಮುಂದೆ ಆರು ಒಲೆ, ಆರರ ಮೇಲೂ ಕೊಪ್ಪರಿಗೆ. ಹೋಳಿಗೆ ಗೋಪುರದಂತೆ ಏರಿತ್ತು. ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಬಾಳೆ ಎಲೆಯ ಕಂತೆ ನೇತುಹಾಕಿದ್ದ.

"ಎಷ್ಟು ಜನ ಬಂದವ್ರೆ ಗಂಡಿನ ಕಡೆಯಿಂದ?" ಎಂದು ಅವನ ಅಕ್ಕ ಭಾಗ್ಯಳನ್ನು ಕೇಳಿದೆ.

"ಆರು ಜನ ಕಣಕ್ಕ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಮೂರು ದಿನದಿಂದ ಬೇಯಿಸ್ತಾವ್ನೆ. ಮಲಗ್ತಾನೂ ಇಲ್ಲ. ನಮ್ಗೂ ಮಲಗಾಕೆ ಬಿಡ್ತಾ ಇಲ್ಲ."

"ರತ್ನ ಎಲ್ಲಿ?"

"ಅವ್ಳೊಬ್ಳು ಚೆನ್ನಾಗಿ ಮಲಗವ್ಳೆ."

ಒಳಗೆ ಹೋದೆವು. ಚಾಪೆಯ ಮೇಲೆ ಗಂಡಿನ ಕಡೆಯವರು ಸಾಲಾಗಿ ಕೂತಿದ್ದರು. ಮಧ್ಯೆ ಗಂಡಿನ ತಾಯಿ. ಅವಳ ಭುಜದ ಮೇಲೆ ತಲೆ ಇಟ್ಟು, ಮುಡಿದ ಮಲ್ಲಿಗೆ ಅವಳ ಕೊರಳ ಮೇಲೆ ಬೀಳುವಂತೆ, ಬಾಯಿ ತೆರೆದು ರತ್ನ ಗೊರಕೆ ಹೊಡೆಯುತ್ತಿದ್ದಳು. ಕಾಫಿ ತಟ್ಟೆ ಕೊಡಲು ಬಗ್ಗಿದವಳು ಹಾಗೇ ಕೂತು ಹಾಗೇ ಒರಗಿದಳಂತೆ. ಗಂಡಿನ ತಾಯಿ ಅಲುಗದೆ ಕೂತಿದ್ದಳು.

"ಎಬ್ಬಿಸ್ಬೇಡಿ" ಎಂದು ಪಿಸುಗುಟ್ಟಿದಳು. "ನಂಗೂ ಮೂರು ಜನ ಗಂಡು ಮಕ್ಳು. ಯಾರೂ ಇಷ್ಟು ನಂಬ್ಕೆಯಿಂದ ಮಲಗಿರ್ನಿಲ್ಲ."

ಡಾಕ್ಟರಮ್ಮನಿಗೆ ಒಂದು ನೋಟ ಸಾಕಾಯಿತು. ರತ್ನಳ ನಾಡಿ ಹಿಡಿದರು, ಕಣ್ಣು ಬಿಡಿಸಿ ನೋಡಿದರು, ಬಿ.ಪಿ. ಅಳೆದರು. ಭಯವಿಲ್ಲ, ಆದರೆ ಒಬ್ಬರು ಪಕ್ಕದಲ್ಲೇ ಇರಲಿ ಎಂದರು. ಭಾಗ್ಯಳ ಕಡೆ ತಿರುಗಿ, "ಏನು ಕೊಟ್ಟಿರಿ?" ಎಂದರು. ಭಾಗ್ಯ ಗೂಡಿನಿಂದ ಮಾತ್ರೆಯ ಹಾಳೆ ತಂದಳು. ನಮ್ಮದೇ ಹಾಳೆ, ಸಿಸ್ಟರು ಕೆಂಪಣ್ಣನಿಗೆಂದು ಬರೆದು ಕೊಟ್ಟದ್ದು.

"ಮೈ ತುಂಬ್ಲಿ ಅಂತ ಅವ್ಳ ಮಾವ ಕೆಂಪನೇ ಕೊಡ್ತಿದ್ದ. ಒಂದು ತಿಂಗ್ಳಿಂದ ದಿನಕ್ಕೊಂದು ನುಂಗ್ತಾವ್ಳೆ. ದಿನ ಎಲ್ಲ ತೂಕಡಿಸ್ತಾಳೆ. ಇವತ್ತು ಗಂಡಿನ ಕಡೆಯವ್ರು ಬತ್ತಾರೆ ಅಂತ ಎರಡು ಆಕ್ಕಂಡ್ಳು."

ಆಗ ನನ್ನ ತಲೆಯೊಳಗೆ ಗಂಟು ಬಿತ್ತು. ಅವಳು ನುಂಗಿದ್ದೆಲ್ಲ ಅವನು ನುಂಗದ್ದು. ಮೂರು ಬೆರಳು ಒಳಕ್ಕೆ ಬಂದದ್ದು ಅದಕ್ಕೇ. ಅಳತೆ ಸರಿಯಾಗಿ ಹೇಳಿತ್ತು. ನಾನು ಅದನ್ನು ಹಿಡಿದು ಕುಣಿದಿದ್ದೆ.

ಹೊರಗೆ ಓಡಿದೆವು. ಕೆಂಪಣ್ಣ ಎಣ್ಣೆಯ ಬಾಣಲೆಯ ಮುಂದೆ, ಕೈಯಲ್ಲಿ ಎರಡು ಸೌಟು, ಕಣ್ಣು ಕೆಂಪು. ಈ ಪಾಯಸದ ಕೊಪ್ಪರಿಗೆ ತಲೆಯ ಮೇಲೆ ಹೊತ್ತು ಬೆಟ್ಟಕ್ಕೆ ನಡೆದು, ದಾರಿಯಲ್ಲಿ ಸಿಕ್ಕವರಿಗೆಲ್ಲ ಬಡಿಸುತ್ತೇನೆ ಎಂದು ಕೂಗುತ್ತಿದ್ದ. ಎಣ್ಣೆ ಹೊಗೆಯಾಡುತ್ತಿತ್ತು. ಹಿಂದಿನ ಸಲ ಸುಟ್ಟ ಕಾಲೇ ಬಾಣಲೆಯ ಪಕ್ಕ ಕುಣಿಯುತ್ತಿತ್ತು.

"ಕೆಂಪಣ್ಣ, ಇಲ್ಲಿ ಬನ್ನಿ, ಸ್ವಲ್ಪ ಮಾತಾಡೋಣ" ಎಂದರು ಡಾಕ್ಟರಮ್ಮ.

"ಮಾತಾಡಕ್ಕೆ ಟೈಮಿಲ್ಲ ತಾಯಿ! ಪ್ರಪಂಚ ಅಸ್ಕಂಡದೆ!"

ಡ್ರೈವರು ಹಿಡಿಯಲು ಹೋದ. ಕೆಂಪಣ್ಣ ಸೌಟು ಬೀಸಿದ. ಇನ್ನೊಂದು ಹೆಜ್ಜೆ ಹಿಂದಿಟ್ಟಿದ್ದರೆ ಬಾಣಲೆಯೊಳಗೆ.

ನನಗೆ ಬೇರೆ ಏನೂ ತೋಚಲಿಲ್ಲ. ಸೊಂಟದ ಚೀಲದಿಂದ ಅವನ ದಾರ ತೆಗೆದು ಗದರಿದೆ. "ಲೇ ಕೆಂಪ! ಈ ತಿಂಗ್ಳು ಅಳ್ತೆ ಸರಿಯಾಗಿ ಸಿಕ್ಕಿಲ್ಲ. ಬಾ ಇತ್ಲಾಗೆ. ಎತ್ತು ಕೈಯ!"

ಆ ಮೈಗೆ ಅಭ್ಯಾಸವಾಗಿಬಿಟ್ಟಿತ್ತು. ಸೌಟು ಕೆಳಗಿಟ್ಟ. ಮೂರು ಹೆಜ್ಜೆ ನನ್ನ ಕಡೆ ಬಂದ. ಎರಡೂ ಕೈ ಮೇಲೆತ್ತಿದ.

"ಉಘೇ ಅನ್ನು."

"ಉಘೇ..." ಎಂದ. ಉಸಿರು ಮುಗಿಯುವವರೆಗೂ ಎಂದ. ಊರಿನ ಜನವೂ ಜೊತೆಗೆ "ಉಘೇ" ಎಂದಿತು. ಒಳಗೆ ರತ್ನ ಗೊರಕೆ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಅಷ್ಟರಲ್ಲಿ ಡ್ರೈವರು ಒಲೆಗಳ ಸೌದೆ ಎಳೆದು ಹಾಕಿದ. ನಾನು ದಾರ ಸುತ್ತಿದೆ, ಇನ್ನೂ ಎರಡು ಬೆರಳು ಒಳಕ್ಕೆ. ಕೈ ಎತ್ತಿಕೊಂಡೇ ಅವನು ಮೆಲ್ಲಗೆ ಹೇಳಿದ, "ಶಿವಕ್ಕ, ಆ ಮಾತ್ರೆ ನಂಗೆ ಬರೀ ಒಟ್ಟೆ ಕೊಡ್ತು. ಅವ್ಳಿಗೆ ಮದ್ವೆ ಕೊಡ್ಲಿ ಅಂದ್ಕಂಡೆ."

"ನಿಂಗೆ ಸೌಟು ಕೊಟ್ಟಿತ್ತಲ್ಲೋ" ಎಂದೆ.

ಅವನು ಕೈ ಇಳಿಸಿದ. ಎರಡು ಸೌಟನ್ನೂ ಭಾಗ್ಯಳ ಕೈಗೆ ಕೊಟ್ಟು ವ್ಯಾನ್ ಹತ್ತಿದ. ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದ. ಹೊನ್ನೂರಿನವರು ಅಂದು ಯಾರೂ ಒಲೆ ಹಚ್ಚಲಿಲ್ಲವಂತೆ. ಬಸ್ಸಿನವರು, ಆಟೋದವರು, ಕಬ್ಬು ಕಡಿಯುವವರು ಎಲ್ಲ ಕೂತು ಉಂಡರು. ಡಾಕ್ಟರಮ್ಮ ವ್ಯಾನಿನಲ್ಲಿ ನನ್ನನ್ನು ಬೈಯಲಿಲ್ಲ. "ಸಣ್ಣಗಾದರೆ ಒಳ್ಳೇದು ಅಂತ ನಾನೇ ನಿನಗೆ ಹೇಳಿಕೊಟ್ಟಿದ್ದು. ಅರ್ಧ ಹೇಳಿಕೊಟ್ಟೆ" ಎಂದರು. ಇಂಥ ಮೇಲಿನವರು ಸಿಕ್ಕರೆ ಬಿಡಬೇಡಿ. ಸಿಗುವುದು ಕಡಿಮೆ.

ಅವನು ಹೊರಗೆ ಬಂದ ಮೇಲೆ ಕೊಬ್ಬಿನ ತಂಟೆಗೆ ಅಷ್ಟಾಗಿ ಹೋಗದ ಇನ್ನೊಂದು ಮಾತ್ರೆಗೆ ಮೆಲ್ಲಮೆಲ್ಲಗೆ ಬದಲಾಯಿಸಿದರು. ರತ್ನಳ ಮದುವೆ ಆಯಿತೇ ಎಂದು ನೀವು ಕೇಳುತ್ತೀರಿ. ಆಯಿತು, ಆ ಮನೆಗೇ ಆಯಿತು, ಸಣಕಲಾಗಿಯೇ. ಗಂಡಿನ ತಾಯಿ ಹಟ ಹಿಡಿದಳಂತೆ. ಅಡುಗೆ ಕೆಂಪಣ್ಣನದು. ಮುನ್ನೂರು ಎಲೆಗೆ ಹೇಳಿದ್ದರು, ಮುನ್ನೂರಕ್ಕೇ ಬೇಯಿಸಿದ. ಕೊನೆಯ ಪಂಕ್ತಿಗೆ ಸಾರು ಒಂದಿಷ್ಟು ಸಾಲದೇ ಹೋದಾಗ ನಾನೂ ಡಾಕ್ಟರಮ್ಮನೂ ಕೈ ಕೈ ಹಿಡಿದು ನಕ್ಕೆವು.

ನನ್ನ ಕೊನೆಯ ದಿನ ಹನೂರಿನಲ್ಲಿ ಬಿತ್ತು. ನನ್ನ ಜಾಗಕ್ಕೆ ಬಂದವಳು ಸವಿತಾ. ಪಿ.ಯು.ಸಿ. ಓದಿದ್ದಾಳೆ, ಮೊಬೈಲಿನಲ್ಲೇ ಅಳತೆ ಬರೆಯುತ್ತಾಳೆ, ನೂರು ದಾಟಿದರೂ ಜಾರುವುದಿಲ್ಲ. ದಾರದ ಕಂತೆ ಅವಳ ಕೈಗಿಟ್ಟೆ.

"ಇದ್ಯಾಕಜ್ಜಿ? ಈಗ ಎಲ್ಲ ಕಂಪ್ಯೂಟ್ರಲ್ಲದೆ" ಎಂದಳು.

"ಇರ್ಲಿ ಇಟ್ಕೋ. ಗಂಟು ಒರಗಡೆ ಓದ್ರೆ ಡಾಕ್ಟ್ರಿಗೆ ಯೋಳು. ಒಳಗಡೆ ಬಂದ್ರೆ ಓಡೋಗಿ ಯೋಳು."

ಮೊದಲು ನಿಂತಿದ್ದವನೇ ಕೆಂಪಣ್ಣ. ಕೈ ಎತ್ತಿದ, ಉಘೇ ಎಂದ. ಸವಿತಾ ದಾರ ಸುತ್ತಿದಳು. ಗಂಟು ಒಂದು ಬೆರಳು ಒಳಕ್ಕೆ. ಅವಳು ನನ್ನ ಮುಖ ನೋಡಿದಳು. ದಾರ ಹಿಡಿದುಕೊಂಡೇ ವ್ಯಾನಿನೊಳಗಿದ್ದ ಡಾಕ್ಟರಮ್ಮನ ಕಡೆಗೆ ಓಟ ಕಿತ್ತಳು. ಅದು ಇನ್ನೂ ಅವನ ಸೊಂಟದಲ್ಲಿತ್ತು. ಅವನೂ ಕೈ ಎತ್ತಿಕೊಂಡೇ ಅವಳ ಹಿಂದೆ ಓಡಬೇಕಾಯಿತು.

"ಲೇ ನಿಲ್ಲವ್ವ! ನಾನು ದಿನಾ ಕೆರೆ ಏರಿ ಮ್ಯಾಲೆ ನಡೀತಾವ್ನಿ! ಮಾತ್ರೆ ನುಂಗ್ತಾವ್ನಿ ಕಣವ್ವೋ!"

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಡಾಕ್ಟರಮ್ಮ ನಗದೆ ಅವನ ಜೇಬಿನ ಮಾತ್ರೆಯ ಹಾಳೆ ಇಸಿದುಕೊಂಡು ಒಂದೊಂದೇ ಖಾಲಿ ಗೂಡು ಬೆರಳಿನಿಂದ ಮುಟ್ಟಿ ನೋಡಿದರು. ತಾರೀಖಿಗೆ ಸರಿಯಾಗಿತ್ತು. ಆಮೇಲೆ ಅವರೂ ನಕ್ಕರು.

ಆ ಗಂಟನ್ನು ಸವಿತಾಳೇ ಹಾಕಿದಳು. ಒಂದು ಸಲಕ್ಕೇ ಬಿಗಿಯಾಗಿ ಕೂತಿತು. ನಾನು ಚೀಲ ತೆಗೆದುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ.